ಬಾಣಂತಿ ಮೂಲೆಯಿಂದ ಒಂದು ಕೂಗು

ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇದು ಹುಟ್ಟುಗುಣವೋ, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ಕಲಿಸಿ ಅಂಟಿಕೊಂಡ ರೋಗವೋ ತಿಳಿಯದು. ನಾನು ಎಂಟನೇ ವರ್ಗದಲ್ಲಿ ಪಾಠ ಶುರು ಮಾಡಿದರೆ ಪಕ್ಕದ ಒಂಬತ್ತನೇ ವರ್ಗದವರಿಗೂ ಪುಕ್ಕಟೆ ಪುನರಾವರ್ತನೆ ಆಗುತ್ತಿತ್ತು. ಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಹೋದರೆ ಓಣಿಯ ಆ ತುದಿಯಿಂದ ಯಾರೋ "ಹೌದ್ರಿ" ಅನ್ನುತ್ತಾರೆ. "ನಿಮ್ಮ ಬಾಯಿಗೊಂದು ಗುಂಡಿ ಹಚ್ಚಿಸ್ಕೋರಿ" ಎಂದು ಬೈದು ಬೈದು ಆಕೆಯೂ ಸಾಕಾಗಿ ಬಿಟ್ಟಿದ್ದಾಳೆ. ಇಂಥ ಗಂಟಲೂ ಒಬ್ಬರಿಗೆ ಬೇಕಾಗಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೇಕಾದದ್ದು ಚನಬಸಪ್ಪನಿಗೆ. ಅಕ್ಕಿಆಲೂರಿನಲ್ಲಿ ನಮ್ಮ ಪಕ್ಕದ ಮನೆಯವನು. ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಇಡೀ ಜನ್ಮದ ಮಾತನ್ನು "ಮುಂದ ಸರೀರಿ, ಮುಂದ ಸರೀರಿ" ಎನ್ನುವುದರಲ್ಲೇ ಖರ್ಚು ಮಾಡಿಬಿಟ್ಟವನಂತೆ ಈಗ ಬಾಯಿಯೇ ತೆರೆಯುವುದಿಲ್ಲ. ಅವನೇ ಒಂದು ಮುಂಜಾನೆ ಕಟ್ಟೆಗೆ ಬಂದು ಕುಳಿತು, "ಮಾಸ್ತರ, ಶಿಗ್ಗಾವಿ ಆಚೆ ಹಳೇ ಕಾಲದ್ದು ಹುಲ್ಲಿನ ಮನಿ ಊರು ಕಟ್ಯಾರಂತ. ಹೋಗಿ ನೋಡ್ಕೊಂಡು ಬರೂಣು ಬರ್ರಿ" ಎಂದ.

ನನಗೆ ಹಿಗ್ಗೋ ಹಿಗ್ಗು. ಹಳೆಯದೆಂದರೆ ನಾನು ಕರಗಿಹೋಗುವವನು. ಸ್ಲ್ಯಾಬಿನ ಮನೆಯಲ್ಲಿ ಫ್ಯಾನಿನ ಕೆಳಗೆ ಅಂಗಾತ ಮಲಗಿಕೊಂಡು "ಹುಲ್ಲಿನ ಮನೆಯ ತಂಪು ಇದಕ್ಕೆಲ್ಲಿ ಬರಬೇಕು" ಎಂದು ನಿಟ್ಟುಸಿರು ಬಿಡುವ ಜಾತಿ ನನ್ನದು. ಬಸ್ಸಿನಲ್ಲಿ ಚನಬಸಪ್ಪನಿಗೆ ಉಪನ್ಯಾಸವನ್ನೇ ಕೊಟ್ಟೆ. ಅಬಲೂರಿಗೆ ಹೋದರೆ ಕಲ್ಲಿನ ಗುಡಿ ಇದೆ, ಶಾಸನವಿದೆ. ಆ ಕಲ್ಲು ಹೊತ್ತವರು ಯಾವ ಹುಲ್ಲಿನ ಕೆಳಗೆ ಮಲಗಿದ್ದರು ಎಂಬುದಕ್ಕೆ ಮಾತ್ರ ಒಂದು ಕಡ್ಡಿಯೂ ಉಳಿದಿಲ್ಲ, ಹಾಗಾಗಿ ಇಂಥ ಊರುಗಳನ್ನು ಕಟ್ಟಬೇಕು ಎಂದೆ. ಮುಂದಿನ ಸೀಟಿನವರೂ ತಲೆಯಾಡಿಸಿದರು. ಚನಬಸಪ್ಪ ಕಿಡಕಿಯ ಹೊರಗೆ ನೋಡುತ್ತಿದ್ದ.

ಊರೇನೋ ಚೆಂದವಿತ್ತು. ಚೆಂದವೇ ಸ್ವಲ್ಪ ಹೆಚ್ಚಾಗಿತ್ತು. ಓಣಿಯ ತುಂಬ ಹೊಸ ಹುಲ್ಲು ಹೊದಿಸಿದ ಮನೆಗಳು, ಒಳಗೆ ಬೀಸುವ, ಕುಟ್ಟುವ, ರೊಟ್ಟಿ ಬಡಿಯುವ ಸಿಮೆಂಟಿನ ಹೆಂಗಸರು. ನಮ್ಮಂಥವರ ತಲೆ ಬಡಿಯದಿರಲೆಂದು ಬಾಗಿಲು ಎತ್ತರಿಸಿದ್ದರು; ಫೋಟೊಕ್ಕೆ ಬೆಳಕು ಬೇಕೆಂದು ಕಿಡಕಿ ಇಟ್ಟಿದ್ದರು. ಹೊಗೆಯಿಲ್ಲ, ಸೆಗಣಿಯ ವಾಸನೆಯಿಲ್ಲ. ಮಂಗಳವಾರವಾದ್ದರಿಂದ ಜನವೂ ಇಲ್ಲ. ನಾನು ಪ್ರತಿ ಮನೆಗೂ "ಆಹಾ" ಎನ್ನುತ್ತ ನಡೆದೆ. ಚನಬಸಪ್ಪ ಮಾತ್ರ ಪ್ರತಿ ಮನೆಯ ಸೂರಿನ ಕೆಳಗೂ ಬಗ್ಗಿ ಏನನ್ನೋ ಹುಡುಕುತ್ತಿದ್ದ. ಕಡೆಗೆ, "ಗಳ ಇಟ್ಟಿಲ್ಲ ನೋಡ್ರಿ" ಎಂದ.

ಅದೇನೆಂದು ಕೇಳಿದೆ. ಆ ಸೂರಿನ ಕೆಳಗೇ ನಿಂತು ಹೇಳಿದ. ಅವನು ಹುಟ್ಟಿದ ಓಣಿಯಲ್ಲಿ ಪ್ರತಿ ಮನೆಯ ಸೂರಿಗೂ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು ಗಳ ಇರುತ್ತಿತ್ತಂತೆ. ಒಂದು ಮನೆಗೆ ಬೆಂಕಿ ಬಿದ್ದರೆ ಅದನ್ನು ಆರಿಸುತ್ತ ಕೂಡುವಂತಿಲ್ಲ. ಗಾಳಿ ಬೀಸುವ ಕಡೆಯ ಮನೆಯ ಹುಲ್ಲನ್ನು ಕೊಕ್ಕೆ ಹಾಕಿ ಎಳೆದು ಕೆಡವಬೇಕು. ಬೆಂಕಿಗೆ ಮುಂದೆ ಹೆಜ್ಜೆ ಇಡಲು ಜಾಗವಿರಬಾರದು. ಕೆಡವಿದ ಮನೆಯನ್ನು ಆಮೇಲೆ ಇಡೀ ಓಣಿ ಸೇರಿ ಎಲ್ಲಕ್ಕಿಂತ ಮೊದಲು ಕಟ್ಟಿಕೊಡುತ್ತದೆ. ಆದರೆ "ನನ್ನ ಮನಿ ಯಾಕ ಕೆಡವಿದ್ರಿ" ಎಂದು ಮುಂದೆ ತಕರಾರು ಬರಬಾರದಲ್ಲ? ಅದಕ್ಕೆ ಮೊದಲ ಕೊಕ್ಕೆಯನ್ನು ಆ ಮನೆಯ ಯಜಮಾನನೇ ಹಾಕಬೇಕು. ಇದು ಕಟ್ಟಳೆ.

ಚನಬಸಪ್ಪ ಆಗ ಹಸಿ ಕೂಸು. ಪಕ್ಕದ ಮನೆಗೆ ಬೆಂಕಿ ಬಿತ್ತು, ಗಾಳಿ ಇವರ ಮನೆಯ ಕಡೆಗಿತ್ತು. ದೊಡ್ಡವ್ವ ಕೂಸನ್ನು ಎತ್ತಿಕೊಂಡು ಹೊರಗೆ ಓಡಿ ಬಂದಳು. ಬಾಣಂತಿ ಹಿಂದೆಯೇ ಬರುತ್ತಿದ್ದಾಳೆ ಎಂದುಕೊಂಡಳು. ದೊಡ್ಡವ್ವನ ಕೈಯಲ್ಲಿ ಕೂಸು ಕಂಡು, ಎಲ್ಲರೂ ಹೊರಬಿದ್ದರೆಂದು ಅಪ್ಪ ಮೊದಲ ಕೊಕ್ಕೆ ಹಾಕಿದ. ಮಂದಿ ಎಳೆದರು. ಹುಲ್ಲು, ಬಿದಿರು, ತೊಲೆ ಎಲ್ಲ ಒಳಗೆ ಕುಸಿಯಿತು. ಓಣಿ ಉಳಿಯಿತು. ಬಾಣಂತಿ ಅಡಿಯಲ್ಲಿ ಸಿಕ್ಕು ತೀರಿಕೊಂಡಳು.

"ಓಣ್ಯಾಗ ಒಬ್ಬಾಕಿ ಮುದುಕಿ ಇದ್ಲರಿ. ನಾ ಸಣ್ಣಾಂವಿದ್ದಾಗ ನನ್ನ ಮುಂದ ಅಂದ್ಲು, ನಿಮ್ಮವ್ವ ಒಳಗಿಂದ ಕೂಗಿದ್ಲು, ಬಾವಿ ತನಕ ಕೇಳಿಸಿತ್ತು, ನಿಮ್ಮಪ್ಪಗ ಕೇಳಿಸ್ಲಿಲ್ಲನು ಅಂತ. ಅಪ್ಪನ್ನ ಹೆಂಗ ಕೇಳ್ಲಿ? ಕೇಳ್ಲಿಲ್ಲ. ಎರಡೂ ಹೊತ್ತು ರೊಟ್ಟಿ ಹಾಕಿದೆ, ಮಾರಿ ನೋಡಿ ಮಾತಾಡ್ಲಿಲ್ಲ. ಹ್ವಾದ ವರ್ಷ ಹೋಗೇ ಬಿಟ್ಟ. ಅವನ ಫೋಟೊ ಇನ್ನೂ ಟ್ರಂಕಿನ್ಯಾಗ ಐತಿ. ಗ್ವಾಡಿಗೆ ಹಾಕಲ್ಯೋ ಬ್ಯಾಡೋ, ಒಂದ ತಿಳಿವಲ್ದು."

ಹೇಳಿ ಮುಗಿಸಿ ಅವನು ಆ ಮನೆಯ ಬಾಗಿಲಿನ ಕಡೆ ಕೈ ತೋರಿಸಿದ.

"ಒಳಗ ಹೋಗಿ ಬಾಣಂತಿ ಮೂಲ್ಯಾಗ ಮಕ್ಕೋರಿ. ಕೂಗ್ರಿ. ನಾ ಅಪ್ಪ ನಿಂತಲ್ಲಿ ನಿಂದರ್ತೇನಿ" ಎಂದ. ನಂತರ ಹೆಗಲ ಮೇಲಿನ ಟವೆಲ್ ತೆಗೆದು ಕಿಡಕಿಗೆ ತುರುಕಿದ. "ನಮ್ಮ ಮನಿಗೆ ಕಿಡಕಿ ಇರ್ಲಿಲ್ಲ."

ಹೋದೆ. ಬಾಣಂತಿಯ ಮೂಲೆಗೆ ಚಾಪೆಯ ಮರೆ ಕಟ್ಟಿದ್ದರು; ಹಿಂದೆ ಹೊರಸು, ಅದರ ಮೇಲೆ ಸಿಮೆಂಟಿನ ಬಾಣಂತಿ. ಅವಳ ಪಕ್ಕದಲ್ಲಿ ನನ್ನ ದೇಹ ಹಿಡಿಸುವಂತಿರಲಿಲ್ಲ. ಕೆಳಗೆ ನೆಲದ ಮೇಲೆ ಮಲಗಿದೆ. ನನ್ನ ಹೆಂಡತಿ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಿಡಕಿ ಮುಚ್ಚಿತ್ತು, ಬಾಗಿಲಿನ ಬೆಳಕಿಗೆ ಚಾಪೆ ಅಡ್ಡವಿತ್ತು; ಕತ್ತಲೆಯೆಂದರೆ ಕತ್ತಲೆ. ಬಾಗಿಲು ಎಲ್ಲಿದೆ ಎಂಬುದೇ ಮರೆತಂತಾಯಿತು. ತಲೆಯ ಮೇಲೆ ಹುಲ್ಲು ಸರಸರ ಅನ್ನುತ್ತಿತ್ತು. ತಂಪು ತಂಪು ಎಂದು ನಾನು ಹಾಡಿ ಹೊಗಳಿದ ಅದೇ ಹುಲ್ಲು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

"ಎಪ್ಪಾ!" ಎಂದು ಕೂಗಿದೆ. ಏನು ಕೂಗಬೇಕೆಂದು ಅವನು ಹೇಳಿರಲಿಲ್ಲ. ಅದೇ ಬಾಯಿಗೆ ಬಂತು. ನನ್ನ ಇಡೀ ಗಂಟಲಿನಿಂದ, ಒಂಬತ್ತನೇ ವರ್ಗಕ್ಕೂ ಹತ್ತನೇ ವರ್ಗಕ್ಕೂ ಕೇಳುವಂತೆ ಕೂಗಿದೆ.

ಎದ್ದು ತಡವರಿಸುತ್ತ ಹೊರಗೆ ಬಂದರೆ, ದೂರದ ಗೇಟಿನಿಂದ ಟಿಕೀಟು ಹರಿಯುವ ಹೆಣ್ಣುಮಗಳು ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದಳು. "ಏನಾತ್ರಿ ಯಜ್ಜಾ? ಯಾರು ಚೀರಿದ್ದು? ಹಾವು ಬಂತನ್ರಿ?" ಅವಳ ಹಿಂದೆ ತೋಟದ ಮಾಲಿಯೂ ಓಡಿ ಬರುತ್ತಿದ್ದ.

ಚನಬಸಪ್ಪ ಸೂರಿನ ಕೆಳಗೆ, ಬಾಗಿಲಿನಿಂದ ಮೂರು ಮಾರು ದೂರದಲ್ಲಿ ನಿಂತಿದ್ದ. ಅವನ ಎರಡೂ ಕೈ ಮೇಲೆದ್ದು ಇಲ್ಲದ ಗಳವನ್ನು ಹಿಡಿದಿದ್ದವು. ಮುಖದ ಮೇಲೆ ನೀರು ಇಳಿಯುತ್ತಿತ್ತು.

"ನನಗ ಏನೂ ಕೇಳಿಸ್ಲಿಲ್ಲ, ಮಾಸ್ತರ" ಎಂದ.

ಆ ದಿನ ಓಣಿಯ ತುಂಬ ಚೀರಾಟವಿತ್ತು, ದನಗಳ ಕೂಗಿತ್ತು, ಬೆಂಕಿಯ ಸದ್ದಿತ್ತು. ಈ ಮಂಗಳವಾರದ ನಿಶ್ಶಬ್ದದಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದು ಇತಿಹಾಸದ ಮಾಸ್ತರನಾದ ನಾನು ಹೇಳಬಹುದಾಗಿತ್ತು. ಆ ಹೆಣ್ಣುಮಗಳು ಏದುಸಿರು ಬಿಡುತ್ತ ನನ್ನನ್ನೂ ಅವನನ್ನೂ ನೋಡುತ್ತಿದ್ದಳು.

"ನಾ ಭಾಳ ಮೆಲ್ಲಕ ಕೂಗಿದ್ನೆಪಾ" ಎಂದೆ.

ತಿರುಗಿ ಬರುವಾಗ ಬಸ್ಸು ಬಂಕಾಪುರ ದಾಟಿತು. ಆಮೇಲೆ ಅವನು ಕೇಳಿದ: "ಫೋಟೊಕ್ಕ ಕಟ್ಟು ಹಾಕ್ಸಾಕ ಹಾನಗಲ್ ಚೊಲೊನೊ, ಅಕ್ಕಿಆಲೂರ ಚೊಲೊನೊ?"

"ಹಾನಗಲ್ಲಾಗ ಇಳಿದು ಕಟ್ಟು ನೋಡ್ಕೊಂಡು ಹೋಗೂಣು" ಎಂದೆ. ಮುಂದಿನ ಸೀಟಿನವರು ಯಾರೂ ತಿರುಗಿ ನೋಡಲಿಲ್ಲ.