ಕುಶಲದ ಕೆಳಗಿನ ಸಾಲು

ನಮ್ಮ ನಸ್ಸೂನ ಒಂದು ಕಡೆ ಕೂತವಳೇ ಅಲ್ಲ. ಬೆನ್ನಿಗೆ ಕಟ್ಟಿಕೊಂಡರೂ ಒದೆಯುತ್ತಿದ್ದ ಮಗು ಅದು. ಈಗ ಕಂಪಾಲದ ಗುಡ್ಡಗಳ ಮೇಲೆ ಚದುರಿದ ಹನ್ನೊಂದು ಕಟ್ಟಡಗಳ ರಿಪೇರಿ ಅವಳ ತಲೆಯ ಮೇಲಿದೆ. ಎಲ್ಲ ಕಡೆ ಓಡಲಾಗುವುದಿಲ್ಲವೆಂದು ಕಂಪನಿಯವರು ಫೋನಿಗೊಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ಏನು ಕೆಟ್ಟರೂ ಅಲ್ಲಿನ ಕಾವಲುಗಾರ ಅದರಲ್ಲಿ ಬರೆಯುತ್ತಾನೆ. ಪಟ್ಟಿಯಲ್ಲಿ ಕಾಣುವುದು ಮೊದಲೆರಡು ಸಾಲು. ಅದನ್ನು ನೋಡಿ ಇವಳು ಪ್ಲಂಬರನ್ನೋ ಗಾರೆಯವನನ್ನೋ ಕಳಿಸುತ್ತಾಳೆ.

ಕಜ್ಜಾನ್ಸಿಯ ಹುಡುಗಿಯರ ಹಾಸ್ಟೆಲಿನ ಕಾವಲಿಗೆ ಕಸುಲೆ ಎಂಬ ಮುದುಕನಿದ್ದಾನೆ. ಅವನ ಹೆಂಡತಿ ಬೇಯಿಸಿದ ಕಟೋಗೊ ತಿಂದವರು ಎರಡನೇ ತಟ್ಟೆ ಕೇಳದೆ ಎದ್ದದ್ದಿಲ್ಲ, ಅದಿರಲಿ. ಅವನು ಬರೆಯುವುದು ಹೀಗೆ: ‘ನಿದ್ದೆ ಚೆನ್ನಾಗಾಯ್ತಾ ನ್ಯಾಬೊ? ಮನೆಯವರೆಲ್ಲ ಹೇಗಿದ್ದಾರೆ? ದುಡೀತಿದ್ದೀಯಲ್ಲ, ಅದಕ್ಕೆ ಧನ್ಯವಾದ.’ ನ್ಯಾಬೊ ಅಂದರೆ ಅಮ್ಮಾ ಅಂದಂತೆ. ಕುಶಲ ಕೇಳದೆ ವಿಷಯ ಎತ್ತುವುದು ನಮ್ಮಲ್ಲಿ ಹಿರಿಯರಿಗೆ ಎಲ್ಲಿ ಬರುತ್ತದೆ? ಮುದುಕ ಸುಮ್ಮನೆ ಮಾತಾಡಿಸುತ್ತಿದ್ದಾನೆಂದು ನಸ್ಸೂನ ಆಯಿತೆಂಬಂತೆ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಮುಂದೆ ಹೋಗುತ್ತಿದ್ದಳು.

ಆ ಗುರುವಾರ ಎಂಟಿಂಡಾದಲ್ಲಿ ಕೆಟ್ಟ ಲಿಫ್ಟಿನೆದುರು ನಿಂತು, ಮೊಟ್ಟೆ ಸುತ್ತಿದ ಚಪಾತಿ ತಿನ್ನುತ್ತಿದ್ದಳು. ಎಣ್ಣೆಯ ಬೆರಳು ತಾಗಿ ಕಸುಲೆಯ ಸಂದೇಶ ಪೂರ್ತಿ ತೆರೆದುಕೊಂಡಿತು. ಕೊನೆಯ ಸಾಲು: ‘ನೀರಿನ ಟ್ಯಾಂಕಿನ ಕಂಬದ ಬುಡ ಬಿರುಕು ಬಿಟ್ಟಿದೆ, ಇವತ್ತು ಅದರೊಳಗೆ ಎರಡು ಬೆರಳು ಹೋಗುತ್ತೆ.’ ನಿನ್ನೆಯದನ್ನು ತೆರೆದಳು: ಒಂದು ಬೆರಳು. ಮೊನ್ನೆಯದು: ಕೂದಲೆಳೆಯಷ್ಟು.

ಆ ಟ್ಯಾಂಕಿನ ಅಡಿಯಲ್ಲೇ ಹುಡುಗಿಯರು ಬಟ್ಟೆ ಒಗೆಯುವುದು.

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಚಪಾತಿ ಅಲ್ಲೇ ಬಿಟ್ಟು ಬಾಡಿಗೆಯ ಬೋಡಾ ಬೈಕಿನ ಹಿಂದೆ ಹತ್ತಿದಳು.

“ಬೇಗ ಹೋಗಪ್ಪ.”

“ಇದು ಬೋಡಾ ನ್ಯಾಬೊ, ಹೆಲಿಕಾಪ್ಟರ್ ಅಲ್ಲ.”

“ಬಾಯಿ ಓಡಿಸೋ ಬದ್ಲು ಗಾಡಿ ಓಡ್ಸು.”

ದಾರಿಯುದ್ದಕ್ಕೂ ಅವಳ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು, ಟ್ಯಾಂಕ್ ಕಣ್ಣೊಳಗೆ ಬೀಳುತ್ತಲೇ ಇತ್ತು.

ಹಾಸ್ಟೆಲಿನ ಗೇಟಿನೊಳಗೆ ಎಲ್ಲೆಲ್ಲೂ ಒದ್ದೆ ಬಟ್ಟೆ. ಹಗ್ಗ, ಕಿಟಕಿ, ಬೇಲಿ, ಪೊದೆಗಳ ಮೇಲೂ ಹೊದಿಕೆ. ಓರೆಯಾದ ಟ್ಯಾಂಕಿನ ಸುತ್ತ ಕಸುಲೆ ಹಗ್ಗ ಕಟ್ಟುತ್ತಿದ್ದ. ಅಡಿಯಲ್ಲಿ ಯಾರೂ ಇರಲಿಲ್ಲ.

“ತಾತ, ಕಂಬ...”

“ನಿದ್ದೆ ಚೆನ್ನಾಗಾಯ್ತಾ?”

ಹಿರಿಯರು ಕುಶಲ ಕೇಳಿದಾಗ ನಮ್ಮ ಹೆಣ್ಣುಮಕ್ಕಳು ಮಾಡುವಂತೆ ನಸ್ಸೂನ ಕೆಸರಿನಲ್ಲೇ ಮಂಡಿಯೂರಿದಳು. “ಆಯ್ತು ತಾತ. ನಿಮಗೆ?”

“ಎಲ್ಲಿ ನಿದ್ದೆ. ಮೊನ್ನೆ, ನಿನ್ನೆ ನೀನು ಹೆಬ್ಬೆರಳು ತೋರ್ಸಿದೆ. ಪರವಾಗಿಲ್ಲ ಅಂತಿದ್ದೀಯೇನೋ ಅಂದ್ಕೊಂಡೆ. ಆಮೇಲೆ ನನಗೂ ಕಣ್ಣಿದೆಯಲ್ಲ ಅನ್ನಿಸ್ತು. ಟ್ಯಾಂಕಿನ ನೀರೆಲ್ಲ ಬಕೆಟ್‌ಗೆ ತುಂಬ್ಕೊಂಡು, ಇರೋ ಬರೋ ಬಟ್ಟೆಯೆಲ್ಲ ಆಚೆ ಹೋಗಿ ಒಗೀರಿ ಅಂತ ಹುಡುಗೀರಿಗೆ ಹೇಳ್ದೆ. ಟ್ಯಾಂಕ್ ಖಾಲಿ.”

ಅವಳು ಬಿರುಕಿಗೆ ಬೆರಳಿಟ್ಟು ನೋಡಿದಳು. ಮೂರು ಹೋದವು.

“ಇನ್ಮೇಲೆ ಕೆಟ್ಟಿದ್ದನ್ನ ಮೊದ್ಲು ಬರೀರಿ ತಾತ. ಕುಶಲ ಆಮೇಲೆ.”

“ಮುಖ ನೋಡಿದ ತಕ್ಷಣ ಬಿರುಕು ಅನ್ಲಾ? ಯಾರು ಬೆಳೆಸಿದ್ರು ನಿನ್ನ?”

ಅವನು ಬದಲಾಗಲಿಲ್ಲ. ಇವಳೇ ಈಗ ಊಟಕ್ಕೆ ಕೂತರೂ ಹನ್ನೊಂದು ಕಟ್ಟಡಗಳ ಸಂದೇಶಗಳನ್ನೂ ತೆರೆದು, ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾಳೆ. ಅಷ್ಟರಲ್ಲಿ ತಟ್ಟೆಯ ಬೇಯಿಸಿದ ಬಾಳೆಕಾಯಿ ಮತೋಕೆ ಆರಿಹೋಗಿರುತ್ತದೆ.