ಗದಿಗೆವ್ವನ ಹೆಬ್ಬೆಟ್ಟಿನ ಗೆರೆ

ಕೊಳೆ ತೆಗೆಯುವುದು ನೊರೆ ಎಂದು ನಾನು ಇಪ್ಪತ್ನಾಲ್ಕು ವರ್ಷ ನಂಬಿದ್ದೆ. ಬೆಟಗೇರಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಮಾಡುವ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಸೇರಿದ ಮೊದಲ ದಿನ, ಪೀಪಾಯಿಯ ಮೇಲಿನ ನೊರೆಯನ್ನು ಬೊಗಸೆಯಲ್ಲಿ ಮೊಗೆದು, ಅಂಗಿಯ ಎಣ್ಣೆ ಕಲೆಗೆ ಮೆತ್ತಿ, ಗಾಳಿಗೆ ಎದೆಯೊಡ್ಡಿ ನಿಂತೆ. ಕಲೆ ಅಲ್ಲೇ ಇತ್ತು.

“ಏ ತಮ್ಮಾ, ನೊರಿ ಅಂದ್ರ ಬರೇ ಗಾಳಿ. ಯಾ ಸಾಲ್ಯಾಗ ಕಲತೀ ನೀ?” ಎಂದು ನಕ್ಕವಳು ಗದಿಗೆವ್ವ.

ಅಸುಂಡಿ ಹಳ್ಳಿಯಿಂದ ಟಂಟಂ ಆಟೋದಲ್ಲಿ ಬರುತ್ತಿದ್ದ ಅವಳು ಹನ್ನೊಂದು ವರ್ಷದಿಂದ ಆ ಪೀಪಾಯಿ ಕಲಕುತ್ತಿದ್ದಳು. ಸೋಪಿನ ಪರೀಕ್ಷೆಯೂ ಅವಳದೇ. ತಾಟಿನಲ್ಲಿ ನೀರು, ನೀರಿನ ಮೇಲೆ ಖಾರದಪುಡಿ. ಸೋಪು ಹತ್ತಿದ ಬೆರಳನ್ನು ನಡುವೆ ಮುಟ್ಟಿಸಿದರೆ ಪುಡಿಯೆಲ್ಲ ಅಂಚಿಗೆ ಓಡಬೇಕು. ಸೋಪಿನ ಒಂದೊಂದು ಅಣುವಿಗೂ ತಲೆ, ಬಾಲ ಇವೆ. ತಲೆಗೆ ನೀರು ಬೇಕು, ಬಾಲಕ್ಕೆ ನೀರಾಗದು. ನೀರಿನ ಮೇಲ್ಮೈಗೆ ಬಂದವು ಯಾರೂ ಹೇಳದೆಯೇ ತಲೆ ಕೆಳಗೆ, ಬಾಲ ಮೇಲೆ ಮಾಡಿ ಒತ್ತಾಗಿ ಸಾಲು ನಿಲ್ಲುತ್ತವೆ. ಎಣ್ಣೆ ಸಿಕ್ಕರೆ ಬಾಲವನ್ನು ಅದರೊಳಗೆ ನೆಟ್ಟು, ಸುತ್ತುವರಿದು, ಎತ್ತಿಕೊಂಡು ಹೋಗುತ್ತವೆ. ತಾಟಿನ ಎಣ್ಣೆ, ಚರ್ಮದ ಎಣ್ಣೆ ಎಂಬ ಭೇದ ಅವಕ್ಕಿಲ್ಲ.

ಮೊಬೈಲಿನಲ್ಲಿ ಓದಿದ್ದ ಇದನ್ನು ನಾನು ದೊಡ್ಡ ಪಂಡಿತನಂತೆ ಅವಳಿಗೆ ವಿವರಿಸಿದೆ.

“ಹೌದಾ? ನನ್ನ ಕೈಗೆ ಎಂದೋ ಗೊತ್ತಾಗೈತಿ ಬಿಡು,” ಎಂದು ಅಂಗೈ ತೋರಿಸಿದಳು. ಬಿಳಿಚಿ ಬಿರಿದಿತ್ತು. ಹೆಬ್ಬೆಟ್ಟು ಗೆರೆಯೆಲ್ಲ ಸವೆದು ಗಾಜಿನ ಗೋಲಿಯಂತೆ ನುಣ್ಣಗಿತ್ತು. ಕೈಗವಸು ಹಾಕಿದರೆ ಸೋಪಿನ ಹದ ತಿಳಿಯದೆಂದು ಅವಳು ಎಂದೂ ಹಾಕಿದವಳಲ್ಲ. ಹಾಕು ಎಂದವರೂ ಇಲ್ಲ.

ಆ ವರ್ಷ ಕಾರ್ಖಾನೆಯ ಮಾಲೀಕ ಸಿದ್ದಲಿಂಗೇಶ ಸಾಹುಕಾರರು ಬಾಗಿಲಿಗೆ ಹಾಜರಿ ಮಶೀನು ಹಾಕಿಸಿದರು. ಹೆಬ್ಬೆಟ್ಟು ಒಪ್ಪಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಗದಿಗೆವ್ವ ಒತ್ತಿದಳು, ಕೆಂಪು. ಸೆರಗಿಗೆ ಒರೆಸಿ ಒತ್ತಿದಳು, ಎಣ್ಣೆ ಸವರಿ ಒತ್ತಿದಳು. ಕೆಂಪೇ.

“ಮಶೀನ್ ಹೂಂ ಅನ್ನಲಿಲ್ಲಂದ್ರ ನೀ ಬಂದಿಲ್ಲ,” ಎಂದರು ಸಾಹುಕಾರರು.

“ನಿಮ್ಮ ಮುಂದ ನಿಂತೇನಲ್ರೀ!”

“ನಿಂತಿ. ಆದ್ರ ಬಂದಿಲ್ಲ.” ನನ್ನ ಕಡೆ ತಿರುಗಿದರು. “ಪರಶ್ಯಾ, ಇಕಿ ಬಂದಾಳಂತ ದಿನಾ ನೀ ಸಹಿ ಮಾಡತೀ ಏನು? ನಾಳೆ ಏನರ ಲಫಡಾ ಆತಂದ್ರ ನಿನ್ನ ನೌಕರಿ ಹೋಕ್ಕೈತಿ ನೋಡ.”

ನಾನು ಪೆನ್ನು ಹುಡುಕಿದೆ. ಪೆನ್ನು ಕಿಸೆಯಲ್ಲೇ ಇತ್ತು. ಆದರೂ ಹುಡುಕುತ್ತಲೇ ಇದ್ದೆ.

ಕೊನೆಗೆ ಸಾಹುಕಾರರೇ ತೀರ್ಮಾನಿಸಿದರು: ಒಂದು ತಿಂಗಳು ಸೋಪು ಮುಟ್ಟದೆ ಮನೆಯಲ್ಲಿರಲಿ, ಗೆರೆ ಮೂಡಿದರೆ ಬರಲಿ.

ಕೆಲಸ ನಿಲ್ಲಬಾರದೆಂದು ಹೋಗುವ ಮುಂಚೆ ಅವಳು ನನಗೆ ಹದ ಕಲಿಸಿದಳು. ಉಪ್ಪು ಬಿದ್ದರೆ ಸೋಪಿನ ಅಣುಗಳ ಗುಂಪುಗಳು ಉದ್ದ ಹುರಿಗಳಾಗಿ ತೊಡರಿಕೊಂಡು ದ್ರವ ಮಂದವಾಗುತ್ತದೆ. ಹೆಚ್ಚಾದರೆ ಮತ್ತೆ ತೆಳ್ಳಗಾಗುತ್ತದೆ. ಅವಳ ಪಾಠ ಇನ್ನೂ ಚಿಕ್ಕದಿತ್ತು: “ಬೆರಳಾಗ ತಿಕ್ಕಿ ನೋಡು. ನೂಲು ಬಂತಂದ್ರ ಉಪ್ಪು ನಿಲ್ಲಸು. ಇನ್ನೊಂದು ಹಿಡಿ ಹಾಕಿದ್ಯೋ, ಎಲ್ಲಾ ನೀರ.” ಎರಡು ಪೀಪಾಯಿ ಕೆಡಿಸಿದೆ. ಮೂರನೆಯದು ಹದಕ್ಕೆ ಬಂತು.

ತಿಂಗಳ ಮೇಲೆ ಗದಿಗೆವ್ವ ಬಂದಳು. ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದೆ, ಕೈಗೆ ಔಡಲೆಣ್ಣೆ ಹಚ್ಚಿಕೊಂಡು ಕೂತಿದ್ದಳಂತೆ. ಹೆಬ್ಬೆಟ್ಟು ಒತ್ತಿದಳು. ಹಸಿರು! ಖುಷಿಗೆ ಇನ್ನೊಮ್ಮೆ ಒತ್ತಿದಳು.

“ಛಲೋ ಆತು,” ಎಂದರು ಸಾಹುಕಾರರು. “ಆದ್ರ ಈಗ ಪರಶ್ಯಾ ಕಲತಾನ. ಒಂದ ಕೆಲಸಕ್ಕ ಇಬ್ಬರು ಯಾಕಬೇ?”

ಅವಳು ಹೊರಗೆ ಕಟ್ಟೆಯ ಮೇಲೆ ಟಂಟಂ ಕಾಯುತ್ತ ಕೂತಳು. ನಾನು ಚಹಾ ಒಯ್ದೆ. ಸುಮ್ಮನೆ ಬರಬಹುದಿತ್ತು, ಕೇಳಿಯೇಬಿಟ್ಟೆ.

“ಯಕ್ಕಾ, ನನ್ನ ಮ್ಯಾಲೆ ಸಿಟ್ಟೈತೇನು?”

ಚಹಾ ಪೂರ್ತಿ ಕುಡಿದು, ಕಪ್ಪು ನನ್ನ ಕೈಗಿಟ್ಟಳು.

“ಐತಿ. ನಿನ್ನ ಹೆಬ್ಬಟ್ಟೂ ಸವೀಲಿ.”