ಟಿಕ್ ಹಾಕದ ಸಿಸ್ಟರ್

ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಗುಮಾಸ್ತನಾಗಿದ್ದಾಗ ಹೆಂಗಸರ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ನೆಲ ಒದ್ದೆಯಾಗಿದ್ದರೂ, ಸಲೈನ್ ಹಚ್ಚುವುದು ತಡವಾದರೂ ಬೆರಳಿನಿಂದ ರಿಜಿಸ್ಟರ್ ತಟ್ಟಿ "ಬರದಿಡ್ರಿ" ಅನ್ನುತ್ತಿದ್ದರು.

ನಮ್ಮಲ್ಲಿ ರೋಗಿಗಳನ್ನು ಊರಿನ ಹೆಸರಿನಿಂದ ಕರೆಯುವ ರೂಢಿ. ಒಮ್ಮೆ ಮುಡಬಿಯ ಇಬ್ಬರು ಮುದುಕಿಯರು ದಾಖಲಾಗಿದ್ದರು. "ಮುಡಬಿ ಆಯಿಗೆ ಇಂಜೆಕ್ಷನ್ ಕೊಡ್ರಿ" ಎಂದು ಡಾಕ್ಟರು ಬಾಗಿಲಿನಿಂದಲೇ ಕೂಗಿದರು. ಸಿಸ್ಟರ್ ಇನ್ನೊಬ್ಬ ಮುಡಬಿ ಆಯಿಗೆ ಕೊಟ್ಟುಬಿಟ್ಟರು. ಪುಣ್ಯಕ್ಕೆ ಏನೂ ಆಗಲಿಲ್ಲ, ಯಾರೂ ನೋಡಿರಲೂ ಇಲ್ಲ. ಆದರೂ ಅವರೇ ಡಾಕ್ಟರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದರು. ಮರುದಿನ ತಪ್ಪಿಗೆ ಕಾರಣ ಕೇಳಿ ನೋಟೀಸು ಬಂದದ್ದು ಅವರೊಬ್ಬರಿಗೇ. ಊರಿನ ಹೆಸರು ಕೂಗುವುದು ಮಾತ್ರ ನಿಲ್ಲಲಿಲ್ಲ.

ಕೆಲವು ತಿಂಗಳ ನಂತರ ರೋಗಿಗಳ ಸುರಕ್ಷತೆಯ ಬಗ್ಗೆ ಸಿಬ್ಬಂದಿಯ ಸಮೀಕ್ಷೆ ನಡೆಯಿತು. 'ತಪ್ಪಾದರೆ ಭಯವಿಲ್ಲದೆ ಹೇಳಬಹುದೇ?' ಎಂಬುದೊಂದು ಪ್ರಶ್ನೆ. ಫಾರಮ್ಮು ಜಮಾ ಮಾಡುವ ಕೆಲಸ ನನ್ನದು; ಆಸ್ಪತ್ರೆ ನಡೆಸುವ ದೊಡ್ಡ ಸಾಹೇಬರು ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಎಲ್ಲರೂ 'ಹೌದು' ಎಂದು ಟಿಕ್ ಹಾಕಿದರು. ಸಿಸ್ಟರ್ ಟಿಕ್ ಹಾಕದೆ, ಆ ನೋಟೀಸನ್ನೇ ಫಾರಮ್ಮಿಗೆ ಪಿನ್ ಮಾಡಿ ಕೊಟ್ಟರು.

"ಇದೇನ್ ಹಚ್ಚೀರಿ, ಸಿಸ್ಟರ್?" ಸಾಹೇಬರು ಗುಡುಗಿದರು.

"ನೀವು ಕೇಳೀರಲ್ರಿ, ಅದಕ್ಕ ಜವಾಬ್ ಕೊಟ್ಟೀನ್ರಿ."

ಸಾಹೇಬರು ನನ್ನತ್ತ ಕಣ್ಣು ಬಿಟ್ಟರು. ನಾನು ಪಿನ್ ಕಿತ್ತೆ, ನೋಟೀಸು ಹರಿದುಹಾಕಿದೆ, ನನ್ನದೇ ಪೆನ್ನಿನಿಂದ 'ಹೌದು' ಎಂದು ಟಿಕ್ ಹಾಕಿದೆ.

ಸಿಸ್ಟರ್ ನನ್ನ ಕೈಯನ್ನೇ ನೋಡುತ್ತಿದ್ದರು. "ಇದನ್ನೂ ಬರದಿಡ್ರಿ" ಅಂದರು.

ನಾನು ಬರೆಯಲಿಲ್ಲ. ಆ ಸಮೀಕ್ಷೆಯಲ್ಲಿ ನಮ್ಮ ಆಸ್ಪತ್ರೆಗೆ ಪೂರ್ತಿ ಅಂಕ ಬಂತು. ಥೂ.